ಕತ್ತರಿಯಕ್ಕನ ಕಿರುಬೆರಳು

ಕತ್ತರಿಯಕ್ಕನಿಗೆ ಆಗಾಗ ಕೋಪ ಬರುತ್ತದೆ ಎನ್ನುವವರು ಅವಳನ್ನು ಸರಿಯಾಗಿ ನೋಡಿಲ್ಲ. ಬರಬೇಕಾದರೆ ಅದು ಮೊದಲು ಹೋಗಬೇಕಲ್ಲ? ಬೇಸಿಗೆ ರಜೆ ಮುಗಿಯುತ್ತ ಬಂದ ದಿನಗಳಲ್ಲಂತೂ ಕೋಪ ಅವಳ ಮೂಗಿನ ತುದಿಯಲ್ಲಿ ಕಾಲು ಚಾಚಿಕೊಂಡೇ ಕೂತಿರುತ್ತಿತ್ತು. ಫ್ಯಾನು ನಿಂತರೆ ಫ್ಯಾನಿಗೆ ಬೈಗುಳ, ಅಂಟು ಒಣಗಿದರೆ ಅಂಟಿಗೆ, ಎರಡೂ ಸರಿಯಿದ್ದರೆ ಗಂಡನಿಗೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ದಿನವಿಡೀ ಇಂಜಿನ್ನುಗಳ ಗದ್ದಲ ಕೇಳಿ ಬಂದವನಿಗೆ ಹೆಂಡತಿಯ ಬೈಗುಳ ಜೋಗುಳದ ಹಾಗೆ ಕೇಳಿಸುತ್ತದೆ ಎಂದು ನಗುತ್ತಿದ್ದ. ಹಾಗೆ ನಕ್ಕಿದ್ದಕ್ಕೂ ಬೈಸಿಕೊಳ್ಳುತ್ತಿದ್ದ.

ಶಾಲೆಯ ಗೇಟಿನ ಎದುರಿನ ಓಣಿಯಲ್ಲಿ ಅವಳದೊಂದು ಅಂಗಡಿ. ಪೆನ್ನು, ಪೆನ್ಸಿಲ್ಲು, ಬಣ್ಣದ ಕಾಗದ, ಚಾರ್ಟು, ಥರ್ಮಾಕೋಲು. ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಬಿಸಿಲಲ್ಲೇ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಹಿಂದಕ್ಕೆ ಪರದೆ ಎಳೆದ ಒಂದು ಕೋಣೆ, ಆ ಕೋಣೆಯಲ್ಲೊಂದು ಉದ್ದನೆಯ ಮೇಜು, ಅದರಾಚೆ ಅವಳ ಮನೆ. ಊರಿಗೆಲ್ಲ ಗೊತ್ತಿದ್ದೂ ಯಾರೂ ಬಾಯಿಬಿಡದ ಕೆಲಸ ನಡೆಯುತ್ತಿದ್ದದ್ದು ಆ ಮೇಜಿನ ಮೇಲೆ. ಶಾಲೆಯವರು ರಜೆಗೆಂದು ಮಕ್ಕಳಿಗೆ ಕೊಟ್ಟ ಹೋಮ್‌ವರ್ಕನ್ನು ಅಪ್ಪ ಅಮ್ಮಂದಿರು ಮೆಲ್ಲಗೆ ತಂದು ಅವಳಿಗೆ ಒಪ್ಪಿಸುತ್ತಿದ್ದರು. ಅವಳು ಮಾಡಿಕೊಡುತ್ತಿದ್ದಳು. ಮಕ್ಕಳು ಹೊತ್ತುಕೊಂಡು ಹೋಗಿ ಮೇಷ್ಟ್ರಿಗೆ ತೋರಿಸಿ ಭೇಷ್ ಅನ್ನಿಸಿಕೊಳ್ಳುತ್ತಿದ್ದರು. ಮನೆ ನಡೆಯುತ್ತಿದ್ದದ್ದು ಪೆನ್ಸಿಲ್ಲಿನಿಂದಲ್ಲ, ಈ ಮೇಜಿನಿಂದ.

ಮದುವೆಗೆ ಮೊದಲು ಅವಳು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿದ್ದಳು. ಕತ್ತರಿಸುವುದು, ಮಡಚುವುದು, ಅಂಟಿಸುವುದು. ಅಲ್ಲಿ ಸೇರಿದ ಹೊಸದರಲ್ಲಿ ಬ್ಲೇಡು ಜಾರಿ ಬಲಗೈ ಕಿರುಬೆರಳಿನ ತುದಿಗೆ ಓರೆಯಾಗಿ ಬಿದ್ದ ಗಾಯದ ಗೆರೆ ಹಾಗೇ ಉಳಿದುಬಿಟ್ಟಿತು. ಆಮೇಲೆ ಅವಳ ಕೈ ಜಾರಲಿಲ್ಲ. ಅಳತೆಪಟ್ಟಿ ಇಲ್ಲದೆ ಗೆರೆ ನೇರ ಬರುತ್ತಿತ್ತು. ಆದರೆ ಈ ಕೆಲಸದಲ್ಲಿ ಅದೇ ತೊಂದರೆ. ಚೆನ್ನಾಗಿ ಮಾಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮಗು ಮಾಡುವಷ್ಟೇ ಕೆಟ್ಟದಾಗಿ ಮಾಡುವವರು ಯಾರಿದ್ದಾರೆ ಹೇಳಿ? ಅದಕ್ಕೇ ಅವಳು ಗಿರಾಕಿಗಳಿಗೆ, "ಮಗೂನ ಒಂದ್ಸಲ ಕರ್ಕೊಂಡು ಬನ್ನಿ" ಅನ್ನುತ್ತಿದ್ದಳು. ಮಗುವಿನ ಕೈಗೆ ಕತ್ತರಿ, ಕಾಗದ ಕೊಟ್ಟು, ಅದು ಎಲ್ಲಿ ವಾಲುತ್ತದೆ, ಎಲ್ಲಿ ಅವಸರ ಮಾಡುತ್ತದೆ ಎಂದು ನೋಡುತ್ತಿದ್ದಳು. ಆಮೇಲೆ ಆ ಮಗುವಿನ ಸೊಟ್ಟ, ಆ ಮಗುವಿನ ಅವಸರವನ್ನೇ ತನ್ನ ಕೆಲಸದಲ್ಲಿ ತರುತ್ತಿದ್ದಳು. ಎಲ್ಲ ಮುಗಿದ ಮೇಲೆ ಕಿರುಬೆರಳನ್ನು ಬಣ್ಣದಲ್ಲಿ ಅದ್ದಿ ಒಂದು ಮೂಲೆಗೆ ಒತ್ತುತ್ತಿದ್ದಳು. ದೊಡ್ಡವರ ಕಿರುಬೆರಳು ಚಿಕ್ಕವರ ಹೆಬ್ಬೆರಳಿನಷ್ಟೇ ಇರುತ್ತದಲ್ಲ! ನೋಡಿದವರು, "ಪಾಪ, ಮಗು ಬಣ್ಣದ ಕೈಯಲ್ಲೇ ಮುಟ್ಟಿಬಿಟ್ಟಿದೆ" ಅಂದುಕೊಳ್ಳುತ್ತಿದ್ದರು.

ಆ ವರ್ಷ ಶಾಲೆಯವರು ಕೊಟ್ಟ ಹೋಮ್‌ವರ್ಕು ಎಲ್ಲ ತರಗತಿಗೂ ಒಂದೇ. ರಜೆಯಲ್ಲಿ ನೋಡಿದ ಏನಾದರೊಂದನ್ನು ಸ್ವಂತ ಕೈಯಿಂದ ಮಾಡಿ ತರಬೇಕು, ದೊಡ್ಡವರ ಸಹಾಯ ಪಡೆಯಬಾರದು. ಕೊನೆಯ ಮಾತಿನ ಕೆಳಗೆ ಗೆರೆ ಬೇರೆ ಎಳೆದಿದ್ದರು. ಆ ಗೆರೆ ನೋಡಿ ಊರಿನ ದೊಡ್ಡವರೆಲ್ಲ ನೇರವಾಗಿ ಕತ್ತರಿಯಕ್ಕನ ಅಂಗಡಿಗೆ ಬಂದರು.

"ನಾವು ಸಮುದ್ರಕ್ಕೆ ಹೋಗಿದ್ವಿ ಅಕ್ಕ," ಅಂದಳು ಮೂಲೆಮನೆ ಮೇಡಂ, ಮೊಬೈಲಿನಿಂದ ತಲೆಯೆತ್ತದೆ. "ಹಡಗು ಇರ್ಲಿ. ಮರಳು ಇರ್ಲಿ. ಅಲೆ ಒಂಚೂರು ಎದ್ದು ಕಾಣ್ಬೇಕು."

"ಅಲೆ ಯಾವ ಬಣ್ಣ ಇತ್ತು?"

"ನೀಲಿ ಅಲ್ವಾ?"

"ಹೋಗಿದ್ದು ನೀವಲ್ವಾ ಮೇಡಂ, ನನ್ನ ಕೇಳ್ತೀರಲ್ಲ!"

"ಅಯ್ಯೋ, ಅಲ್ಲಿ ಒಂದೇ ಬಿಸ್ಲು, ನಾವು ರೂಮಲ್ಲೇ ಇದ್ವಿ," ಎಂದು ಮೇಡಂ ನಕ್ಕಳು.

ಅವಳು ಹೋದ ಮೇಲೆ ಕತ್ತರಿಯಕ್ಕ ಥರ್ಮಾಕೋಲಿನ ಹಾಳೆಯನ್ನು ಮೇಜಿನ ಮೇಲೆ ಬಡಿದಳು. ಮೈಯೆಲ್ಲ ಉರಿಯುತ್ತಿತ್ತು. ಅಲ್ಲಾ, ಇದೆಂಥ ಅನ್ಯಾಯ! ಊರಿನವರ ರಜೆಯೆಲ್ಲ ಅವಳ ಮೇಜಿನ ಮೇಲೆ ಬಿದ್ದಿತ್ತು. ಒಬ್ಬರ ಬೆಟ್ಟ, ಇನ್ನೊಬ್ಬರ ರೈಲು, ಮತ್ತೊಬ್ಬರ ಪ್ರಾಣಿ ಸಂಗ್ರಹಾಲಯ. ಯಾರೋ ಹತ್ತಿದ ವಿಮಾನಕ್ಕೆ ಅವಳು ರೆಕ್ಕೆ ಅಂಟಿಸಬೇಕು. ಅವಳೋ, ಆ ಬೇಸಿಗೆಯಲ್ಲಿ ಓಣಿ ದಾಟಿದ್ದು ಅಂಟು ತರಲಿಕ್ಕೆ ಮಾತ್ರ. ಸಮುದ್ರವನ್ನು ಕಣ್ಣಾರೆ ನೋಡೇ ಇರಲಿಲ್ಲ. ಆದರೂ ಅವಳ ಕೈಯಲ್ಲಿ ಆ ವಾರ ಮೂರು ಸಮುದ್ರ ತಯಾರಾದವು.

"ಸುಟ್ಟುಹೋಗ್ಲಿ ಇವ್ರ ಸಮುದ್ರ," ಅಂದುಕೊಳ್ಳುತ್ತಲೇ ಅಲೆಗೆ ನೊರೆ ಹಚ್ಚಿದಳು.

ಅವಳಿಗೊಬ್ಬಳೇ ಮಗಳು, ಐದನೇ ತರಗತಿ ಮುಗಿಸಿ ಆರಕ್ಕೆ ಹೋಗುವವಳು. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಅಪ್ಪ ಚೋಟು ಎಂದು ಕರೆದದ್ದೇ ಹೆಸರಾಗಿ ನಿಂತುಬಿಟ್ಟಿತ್ತು. ಮೈಕಟ್ಟು ಅಪ್ಪನದು, ಸಿಟ್ಟು ಅಮ್ಮನದು. ಊರಾಚೆಯ ಮೈದಾನದಲ್ಲಿ ಪ್ರತಿ ಬೇಸಿಗೆಯ ಕೊನೆಗೆ ಎಕ್ಸಿಬಿಷನ್ ಬರುತ್ತದೆ. ಲಾರಿಗಳಿಂದ ಕಬ್ಬಿಣದ ಕಂಬಗಳನ್ನು ಇಳಿಸಿದ ದಿನದಿಂದ ಚೋಟು ಅಮ್ಮನ ಸೆರಗು ಬಿಟ್ಟಿರಲಿಲ್ಲ.

"ಇವತ್ತು ಹೋಗೋಣ್ವಾ?"

"ನಾಳೆ ಕಣೇ. ಈ ರೈಲು ಮುಗೀಲಿ."

ಮರುದಿನ ರೈಲು ಮುಗಿದು ಬೆಟ್ಟ ಬಂದಿರುತ್ತಿತ್ತು.

"ಬೇರೆಯೋರ ಮಕ್ಳು ರಜೆಗೆ ಹೋಗಿದ್ದೆಲ್ಲ ನೀನು ಮಾಡ್ತೀಯ. ನಿನ್ನ ಮಗಳು ಎಲ್ಲಿಗೂ ಹೋಗೇ ಇಲ್ಲ. ನಾನೇನು ಮಾಡ್ಲಿ ಹೋಮ್‌ವರ್ಕಿಗೆ? ಈ ಪರದೆ ಮಾಡ್ಲಾ?" ಎಂದು ಚೋಟು ಒಂದು ದಿನ ಕಿರುಚಿಬಿಟ್ಟಳು.

ಅಂದು ಸಂಜೆ ಗಂಡ ಗ್ರೀಸಿನ ಕೈಯಲ್ಲೇ ಒಳಗೆ ಬಂದು, ಮೇಜಿನ ಮೇಲಿದ್ದ ಕತ್ತರಿ ಎತ್ತಿ ತನ್ನ ಸ್ಪಾನರ್ ಚೀಲದೊಳಗೆ ಹಾಕಿಕೊಂಡ. "ನಿನ್ನ ಕತ್ತರಿಗೆ ಇವತ್ತು ರಜೆ. ಬೇಕಿದ್ರೆ ಹಲ್ಲಲ್ಲಿ ಕತ್ತರಿಸ್ಕೋ. ಇಲ್ಲಾ ಚಪ್ಪಲಿ ಹಾಕ್ಕೋ," ಅಂದ. ಅವಳು ಚಪ್ಪಲಿ ಹಾಕಿಕೊಂಡಳು.

ಎಕ್ಸಿಬಿಷನ್ನಿನೊಳಗೆ ಹೊಕ್ಕ ಕೂಡಲೇ ಜಗಳ. ರಿಂಗ್ ಎಸೆಯುವ ಅಂಗಡಿಯಲ್ಲಿ ಸೋಪು, ಗೊಂಬೆ, ಗಡಿಯಾರ ಜೋಡಿಸಿಟ್ಟಿದ್ದರು; ರಿಂಗು ಯಾವುದರ ಮೇಲೆ ಬಿದ್ದರೆ ಅದು ನಮ್ಮದು. ಚೋಟು ಎಸೆದಳು, ಅಪ್ಪ ಎಸೆದ, ಎಲ್ಲ ರಿಂಗೂ ಪುಟಿದು ಆಚೆ ಬಿದ್ದವು. ಕತ್ತರಿಯಕ್ಕ ಒಂದು ರಿಂಗನ್ನು ಕೈಯಲ್ಲಿ ಹಿಡಿದು, ಗಡಿಯಾರ ಕೂರಿಸಿದ್ದ ಮರದ ತುಂಡನ್ನು ಕಣ್ಣಲ್ಲೇ ಅಳೆದಳು.

"ಏನಪ್ಪಾ, ಈ ರಿಂಗು ಆ ಮರದ ತುಂಡಿಗೆ ಇಳಿಯುತ್ತಾ? ನೀನೇ ಇಳಿಸಿ ತೋರ್ಸು ನೋಡೋಣ."

"ಎಸೆಯೋದ್ರಲ್ಲಿದೆ ಅಕ್ಕಾ ಕೈಚಳಕ."

"ಕೈಚಳಕ ನಿನ್ನ ತಲೆ! ಎಸೆಯೋದು ಹಾಳಾಗೋಗ್ಲಿ, ಕೈಯಲ್ಲಿ ಹಿಡ್ಕೊಂಡು ಇಳಿಸು!"

ಜನ ಸೇರಿದರು. ಇಳಿಸು, ಇಳಿಸು ಎಂದು ಕೂಗಿದರು. ಅವನು ಉಗುಳು ನುಂಗಿ ಒಂದು ಗೊಂಬೆಯನ್ನು ಚೋಟುವಿನ ಕೈಗೆ ತುರುಕಿ, "ಕರ್ಕೊಂಡು ಹೋಗಿ ಸಾರ್ ಇವ್ರನ್ನ, ನಮ್ ವ್ಯಾಪಾರ ಕೆಡಿಸ್ಬೇಡಿ," ಎಂದು ಗಂಡನಿಗೆ ಕೈಮುಗಿದ. ಗಂಡ, "ನಾನು ಕರ್ಕೊಂಡು ಹೋದ್ರೆ ಬರ್ತಾಳೆ ಅಂದ್ಕೊಂಡ್ಯಾ?" ಅಂದ. ಎಲ್ಲರೂ ನಕ್ಕರು. ಆ ಬೇಸಿಗೆಯಲ್ಲಿ ಕತ್ತರಿಯಕ್ಕನೂ ನಕ್ಕದ್ದು ಅದೇ ಮೊದಲು.

ಜೈಂಟ್ ವೀಲ್ ಮೇಲಕ್ಕೇರುತ್ತಿದ್ದಂತೆ ಅವಳು ಕಣ್ಣು ಮುಚ್ಚಿಕೊಂಡು, ಹತ್ತಿಸಿದ ತಪ್ಪಿಗೆ ಗಂಡನ ಮೂರು ತಲೆಮಾರನ್ನೂ ಬೈದಳು. ಚೋಟು ಮಾತ್ರ ಕಣ್ಣು ಮಿಟುಕಿಸಲಿಲ್ಲ. ಅವಳು ನೋಡುತ್ತಿದ್ದದ್ದು ಊರನ್ನಲ್ಲ, ತಲೆಯ ಮೇಲಿನ ಕಬ್ಬಿಣದ ಗೂಟವನ್ನು. ಚಕ್ರ ತಿರುಗುತ್ತದೆ, ತೊಟ್ಟಿಲು ಮಾತ್ರ ತಲೆಕೆಳಗಾಗುವುದಿಲ್ಲವಲ್ಲ, ಅದು ಹೇಗೆ? ಇಳಿದ ಮೇಲೆ ಚಕ್ರ ನಡೆಸುವವನ ಹತ್ತಿರವೇ ಹೋಗಿ ಕೇಳಿದಳು. ಅವನು ತನ್ನ ಬೀಡಿ ಎಸೆದು, ಕೈಯಲ್ಲಿದ್ದ ಟೀ ಲೋಟವನ್ನು ಮೇಲಿನಿಂದ ಹಿಡಿದು ಆಡಿಸಿ ತೋರಿಸಿದ. "ಮೇಲ್ಗಡೆ ಹಿಡ್ಕೊಂಡ್ರೆ ಭಾರ ಕೆಳಗೇ ಇರುತ್ತೆ ಮಗಾ. ಎಲ್ಲೂ ತಾಗಬಾರ್ದು ಅಷ್ಟೇ. ಒಂದು ತೊಟ್ಟಿಲು ತಾಗಿದ್ರೂ ಇಡೀ ಚಕ್ರ ನಿಂತುಹೋಗುತ್ತೆ."

ಅಷ್ಟರಲ್ಲಿ ಹಿಂದಿನಿಂದ ಬಂತು ದನಿ. "ಅಯ್ಯೋ, ಅಕ್ಕ! ನೀವೇನ್ ಇಲ್ಲಿ?" ಮೂಲೆಮನೆ ಮೇಡಂ, ಕೈಯಲ್ಲಿ ಐಸ್‌ಕ್ರೀಂ. "ನೀವಿಲ್ಲಿ ಸುತ್ತಾಡ್ತಾ ಇದ್ರೆ ನಮ್ ಹಡಗು ಯಾವಾಗ ಆಗೋದು?"

ಕತ್ತರಿಯಕ್ಕನಿಗೆ ಪಿತ್ತ ನೆತ್ತಿಗೇರಿತು. ಐಸ್‌ಕ್ರೀಮನ್ನು ಆ ಮುಖಕ್ಕೇ ಮೆತ್ತಬೇಕೆನಿಸಿತು. ಆದರೆ ಹಡಗು ಕೈತಪ್ಪಿದರೆ ಮೇಡಮ್ಮಿನ ಬಳಗವೆಲ್ಲ ಕೈತಪ್ಪುತ್ತದೆ. "ನಾಳೆ ಕೊಡ್ತೀನಿ ಮೇಡಂ," ಅಂದಳು. ಅಂಥ ಹುಲಿ ಹೀಗೆ ಮೆತ್ತಗಾದದ್ದನ್ನು ಚೋಟು ಪಕ್ಕದಲ್ಲೇ ನಿಂತು ನೋಡಿದಳು.

ಮನೆಯ ದಾರಿಯಲ್ಲಿ ಚೋಟು ಹೇಳಿದಳು. "ಅಮ್ಮ, ನಾನು ಜೈಂಟ್ ವೀಲ್ ಮಾಡ್ತೀನಿ. ತಿರುಗೋ ಹಾಗೆ. ನೀನು ಮುಟ್ಟಬಾರ್ದು."

"ನಂಗೇನು ಮಾಡಕ್ಕೆ ಬೇರೆ ಕೆಲ್ಸ ಇಲ್ವಾ?"

"ಬೆರಳೂ ಇಡಬಾರ್ದು. ಆಣೆ ಮಾಡು."

"ಆಣೆ ಕಣೇ ತಾಯಿ, ಬಿಡು."

ಈ ಆಣೆಗೊಂದು ಕಾರಣವಿತ್ತು. ಹಿಂದಿನ ವರ್ಷ ಚೋಟು ತಾನೇ ಕೂತು ಒಂದು ಹಕ್ಕಿಗೂಡು ಮಾಡಿಕೊಂಡು ಹೋಗಿದ್ದಳು. ಕ್ಲಾಸಿನ ಮಿಸ್ಸು ಅದನ್ನು ತಿರುಗಿಸಿ ನೋಡಿ, "ಅಂಗಡಿ ಮನೇಲೇ ಇದ್ದ ಮೇಲೆ ನಿಂಗೇನು ಕಷ್ಟ ಬಿಡಮ್ಮ," ಎಂದು ಮೇಜಿನ ಕೆಳಗೆ ಇಟ್ಟುಬಿಟ್ಟಿದ್ದರು. ಕತ್ತರಿಯಕ್ಕ ಮಾಡಿದ್ದ ಬೇರೆ ಮಕ್ಕಳ ಗೂಡುಗಳೆಲ್ಲ ಮೇಜಿನ ಮೇಲೆ, ಅವಳ ಮಗಳು ನಿಜಕ್ಕೂ ಮಾಡಿದ ಗೂಡು ಮೇಜಿನ ಕೆಳಗೆ! ಚೋಟು ಎರಡು ದಿನ ಊಟ ಬಿಟ್ಟಿದ್ದಳು. ಈ ಸಲ ಚಕ್ರ ತಿರುಗಬೇಕು, ಎಲ್ಲರ ಮುಂದೆ ತಿರುಗಬೇಕು, ಇದು ಚೋಟುವೇ ಮಾಡಿದ್ದು ಎಂದು ಮಿಸ್ಸಿನ ಬಾಯಲ್ಲಿ ಬರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಚಕ್ರದ ಕೆಲಸ ಅಡುಗೆಮನೆಯ ಕಿಟಕಿಯ ಕೆಳಗೆ ಶುರುವಾಯಿತು. ರಟ್ಟಿನ ಎರಡು ಬಳೆ, ಪೊರಕೆ ಕಡ್ಡಿಯ ಅಡ್ಡಪಟ್ಟಿಗಳು, ಅಚ್ಚಿಗೆ ಸೈಕಲ್ಲಿನ ಕಡ್ಡಿ, ತೊಟ್ಟಿಲುಗಳಿಗೆ ಗುಂಡುಸೂಜಿಯಲ್ಲಿ ತೂಗುಬಿಟ್ಟ ಖಾಲಿ ಬೆಂಕಿಪೊಟ್ಟಣ. ಮೊದಲ ಚಕ್ರ ಮೊಟ್ಟೆಯಾಕಾರಕ್ಕೆ ಬಂತು. ಎರಡನೆಯದು ನಿಲ್ಲಿಸಿದ ಕೂಡಲೇ ಮಗುಚಿತು. ಚೋಟು ಬೆಂಕಿಪೊಟ್ಟಣಗಳನ್ನು ಗೋಡೆಗೆ ಬೀಸಿ ಒಗೆದು, ಅಮ್ಮ ಬೈಯುವ ಬೈಗುಳವನ್ನೆಲ್ಲ ಒಂದಕ್ಷರ ಬಿಡದೆ ಪೊರಕೆ ಕಡ್ಡಿಗೆ ಬೈದಳು. ಮೇಜಿನ ಮುಂದೆ ಕೂತ ಕತ್ತರಿಯಕ್ಕನ ಕೈ ತುರಿಸುತ್ತಿತ್ತು. ಇನ್ನೊಂದು ಪಟ್ಟಿ ಅಡ್ಡ ಕೊಟ್ಟರೆ ಸಾಕು, ಸರಿಹೋಗುತ್ತದೆ. ನಾಲಿಗೆ ಕಚ್ಚಿಕೊಂಡು ಯಾರದೋ ಒಂಟೆಗೆ ಕಾಲು ಅಂಟಿಸಿದಳು.

ಚೋಟು ಅಪ್ಪನನ್ನೂ ಹತ್ತಿರ ಸೇರಿಸಲಿಲ್ಲ. ಕಡೆಗೊಂದು ಮಧ್ಯಾಹ್ನ, "ಅಮ್ಮಾ! ಬಾ! ಕೈ ಹಿಂದೆ ಕಟ್ಕೊಂಡು ಬಾ!" ಎಂದು ಕೂಗಿದಳು. ಕೆಂಪು ಚಕ್ರ, ಹಳದಿ ತೊಟ್ಟಿಲು. ಒಂದು ಬೆರಳಿಂದ ತಳ್ಳಿದರೆ ಸಾಕು, ಸುಯ್ಯನೆ ತಿರುಗುತ್ತಿತ್ತು. ತೊಟ್ಟಿಲುಗಳು ಮೇಲೇರಿದವು, ಇಳಿದವು, ಒಂದೂ ವಾಲಲಿಲ್ಲ, ಒಂದೂ ತಾಗಲಿಲ್ಲ. ಕತ್ತರಿಯಕ್ಕನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲಿಕ್ಕೆ, "ನೆಲವೆಲ್ಲ ಅಂಟು ಮಾಡಿದ್ದೀಯಲ್ಲೇ, ಯಾರು ಒರೆಸ್ತಾರೆ?" ಎಂದು ಗದರಿದಳು.

ಶಾಲೆ ಶುರುವಾಗುವ ಹಿಂದಿನ ದಿನ ಚೋಟು ತಲೆಕೂದಲು ಕತ್ತರಿಸಿಕೊಳ್ಳಲು ಅಪ್ಪನ ಜೊತೆ ಹೋಗಿದ್ದಳು. ಬಣ್ಣ ಸಾಲದೆಂದು ವಾಪಸು ಬಂದಿದ್ದ ಮೂಲೆಮನೆ ಮೇಡಮ್ಮಿನ ಸಮುದ್ರಕ್ಕೆ ಇನ್ನೊಮ್ಮೆ ನೀಲಿ ಬಳಿದು ಕತ್ತರಿಯಕ್ಕ ನೀರು ಕುಡಿಯಲು ಅಡುಗೆಮನೆಗೆ ಬಂದಳು. ಕಿಟಕಿಯಲ್ಲಿ ಚಕ್ರ ನಿಂತಿತ್ತು. ನೋಡುತ್ತ ನಿಂತಳು. ಹೆಮ್ಮೆಯಾಯಿತು. ಆ ಹೆಮ್ಮೆಯ ಬೆನ್ನಿಗೇ ಎದೆ ಧಸಕ್ಕೆಂದಿತು. ಇದು ತೀರಾ ನೇರವಾಗಿದೆ. ಗುಂಡಗಿರುವುದು ನಿಜಕ್ಕೂ ಗುಂಡಗಿದೆ. ಅಂಟು ಎಲ್ಲೂ ಉಕ್ಕಿಲ್ಲ, ಬಣ್ಣ ಎಲ್ಲೂ ಗೆರೆ ದಾಟಿಲ್ಲ. ಇದನ್ನು ಯಾರು ನಂಬುತ್ತಾರೆ? ಕತ್ತರಿಯಕ್ಕನ ಮಗಳು ತಂದ ಚಕ್ರ, ಕತ್ತರಿಯಕ್ಕನೇ ಮಾಡಿದ್ದು ಅನ್ನುತ್ತಾರೆ. ಮತ್ತೆ ಮೇಜಿನ ಕೆಳಗೆ. ಮತ್ತೆ ಎರಡು ದಿನ ಊಟವಿಲ್ಲ.

ಮಿಸ್ಸಿನ ಮೇಲೆ ಅವಳಿಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಆ ಸಿಟ್ಟಿನಲ್ಲೇ ಕೈ ತನ್ನಷ್ಟಕ್ಕೆ ತಾನು ಕೆಲಸಕ್ಕಿಳಿದುಬಿಟ್ಟಿತು. ವರ್ಷಗಟ್ಟಲೆ ಮಾಡಿದ ಕೈ, ಕೇಳುತ್ತದೆಯೇ? ಒಂದು ಹಳದಿ ತೊಟ್ಟಿಲನ್ನು ಒಂಚೂರು ಸೊಟ್ಟ ಮಾಡಿತು. ರಟ್ಟಿನ ಅಂಚನ್ನು ಉಗುರಲ್ಲಿ ಕೆರೆದು ಎಬ್ಬಿಸಿತು. ಸಮುದ್ರದ ನೀಲಿ ಇನ್ನೂ ಹಸಿಯಾಗಿದ್ದ ಬಟ್ಟಲಿಗೆ ಕಿರುಬೆರಳು ಅದ್ದಿ ಪೀಠದ ಮೂಲೆಗೆ ಒತ್ತಿತು. ಈಗ ಮಗು ಮಾಡಿದ ಹಾಗೆ ಕಾಣುತ್ತಿದೆ ಎಂದು ಅವಳಿಗೆ ಸಮಾಧಾನವಾಯಿತು. ಮಗುವೇ ಮಾಡಿದ್ದನ್ನು ಮಗು ಮಾಡಿದ ಹಾಗೆ ಕಾಣಿಸಲು ಹೊರಟಿದ್ದಾಳೆ, ಇಂಥ ಬೆಪ್ಪುತನ ಎಲ್ಲಾದರೂ ಉಂಟೇ! ಚಕ್ರವನ್ನು ಮೆಲ್ಲಗೆ ತಳ್ಳಿ ನೋಡಿದಳು. ಅರ್ಧ ಸುತ್ತು ಬಂದು ಸೊಟ್ಟ ತೊಟ್ಟಿಲು ಕಂಬಕ್ಕೆ ತಾಗಿತು. ಚಕ್ರ ನಿಂತುಹೋಯಿತು. ನೆಟ್ಟಗೆ ಮಾಡೋಣವೆಂದು ಕೈ ಹಾಕುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ ಮಗಳ ನಗು. ಚೋಟು ಬಂದವಳೇ, "ಮುಟ್ಟಬೇಡ, ಮುಟ್ಟಬೇಡ" ಎಂದು ಹಾಡುತ್ತ ಚಕ್ರವನ್ನು ರಟ್ಟಿನ ಡಬ್ಬದೊಳಗಿಟ್ಟು ಮುಚ್ಚಳ ಹಾಕಿ, ಮಂಚದ ಪಕ್ಕದಲ್ಲೇ ಇಟ್ಟುಕೊಂಡಳು. ಆಗಲೇ ಹೇಳಬೇಕಿತ್ತು. ಎಲ್ಲದಕ್ಕೂ ಬರುವ ಕತ್ತರಿಯಕ್ಕನ ಬಾಯಿ, ಬರಬೇಕಾದ ಹೊತ್ತಿಗೆ ಬರಲಿಲ್ಲ.

ಮರುದಿನ ಮಧ್ಯಾಹ್ನ ಚೋಟು ಮನೆಗೆ ಬಂದಾಗ ಮುಖ ಕೆಂಡವಾಗಿತ್ತು. ಚೀಲ ಬಿಸಾಡಿದಳು.

"ತಿರುಗ್ಲಿಲ್ಲ! ಎಲ್ರ ಮುಂದೆ ನಿಂತುಹೋಯ್ತು! ಎಲ್ರೂ ನಕ್ರು! ಸರಿ ಮಾಡ್ತೀನಿ ಮಿಸ್ ಅಂದ್ರೆ, ಯಾರೂ ಮುಟ್ಟಬಾರ್ದು ಅಂತ ಎಲ್ಲಾದ್ನೂ ಪ್ರದರ್ಶನದ ಹಾಲಲ್ಲಿ ಬೀಗ ಹಾಕಿಟ್ರು. ಅಮ್ಮ, ನೀನು ಮುಟ್ಟಿದ್ಯಾ?"

"ನಾನ್ಯಾಕೆ ಮುಟ್ಲಿ? ದಾರೀಲಿ ಅಲ್ಲಾಡಿರ್ಬೇಕು."

"ಬಣ್ಣದ ಬೆರಳಿದೆ ಅದ್ರ ಮೇಲೆ."

"ನಿಂದೇ ಇರ್ಬೇಕು."

"ನಾನು ನೀಲಿ ಹಚ್ಚೇ ಇಲ್ಲ!"

ಕತ್ತರಿಯಕ್ಕ ಸಿಕ್ಕಿಬಿದ್ದಳು. ಸಿಕ್ಕಿಬಿದ್ದವರಿಗೆ ಬರುವ ಕೋಪವೇ ಬೇರೆ. "ಏನೇ, ನನ್ನನ್ನೇ ಕಳ್ಳಿ ಅಂತೀಯಾ? ಹೆತ್ತ ತಾಯೀನ? ಎಷ್ಟೇ ನಿಂಗೆ ಕೊಬ್ಬು?" ಎಂದು ಓಣಿಯವರೆಗೆ ಕೇಳುವ ಹಾಗೆ ಕೂಗಾಡಿದಳು. ಮಗಳು ತಿರುಗಿ ಕೂಗುತ್ತಾಳೆಂದುಕೊಂಡಿದ್ದಳು. ಚೋಟು ಅಮ್ಮನ ಬಲಗೈಯನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು. ಅಂದಿನಿಂದ ಅಮ್ಮನ ಜೊತೆ ಮಾತೇ ಇಲ್ಲ. ಉಪ್ಪು ಬೇಕಿದ್ದರೂ ಅಪ್ಪನನ್ನೇ ಕೇಳುತ್ತಿದ್ದಳು.

"ಮುಟ್ಟಿದ್ದೀಯ ಅಲ್ವಾ?" ಅಂದ ಗಂಡ, ಮಗಳು ಪಕ್ಕದಲ್ಲಿಲ್ಲದಾಗ.

"ನೀವೂ ಶುರು ಹಚ್ಕೊಂಡ್ರಾ?"

"ನಾನು ಶುರು ಹಚ್ತಿಲ್ಲ ಕಣೇ. ಅವ್ಳ ಹತ್ರ ಹೇಳ್ಬಿಡು. ನಿನ್ನ ಬೈಗುಳ ಅವ್ಳು ತಡ್ಕೋತಾಳೆ. ಸುಳ್ಳು ತಡ್ಕೊಳ್ಳಲ್ಲ."

ಅವನಿಗೂ ಸಿಕ್ಕಿತು ಬೈಗುಳ. ಆದರೆ ಈ ಸಲ ಅವನು ನಗಲಿಲ್ಲ.

ವಾರದ ಕೊನೆಗೆ ಶಾಲೆಯ ಹಾಲಿನಲ್ಲಿ ಪ್ರದರ್ಶನ, ತಂದೆ ತಾಯಿಯರೆಲ್ಲ ಬರಬೇಕು. ಕತ್ತರಿಯಕ್ಕ ಅಂಗಡಿಗೆ ಬೀಗ ಹಾಕಿ ಗಂಡನ ಜೊತೆ ಹೋದಳು. ಸಾಲಾಗಿ ಜೋಡಿಸಿದ ಬೆಂಚುಗಳ ಮೇಲೆ ಅವಳ ಬೇಸಿಗೆಯೆಲ್ಲ ಕೂತಿತ್ತು. ಅವಳ ಬೆಟ್ಟ, ಅವಳ ರೈಲು, ಅವಳ ಒಂಟೆ, ಅವಳ ಮೂರು ಸಮುದ್ರ. ಒಂದೊಂದರ ಮುಂದೆಯೂ ಒಂದೊಂದು ಮಗುವಿನ ಹೆಸರಿನ ಚೀಟಿ. ಅಪ್ಪ ಅಮ್ಮಂದಿರು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವಳನ್ನು ಕಂಡರೂ ಕಾಣದವರಂತೆ ಮುಖ ತಿರುಗಿಸುತ್ತಿದ್ದರು. ಮೂಲೆಮನೆ ಮೇಡಂ ಪಕ್ಕದವಳಿಗೆ, "ರಾತ್ರಿಯೆಲ್ಲ ಕೂತು ಒಬ್ನೇ ಮಾಡ್ದ, ನಂಗೆ ಮುಟ್ಟೋಕೂ ಬಿಡ್ಲಿಲ್ಲ," ಅನ್ನುತ್ತಿದ್ದಳು. ಕತ್ತರಿಯಕ್ಕ ಹಲ್ಲು ಕಡಿದಳು. ಮುಟ್ಟಲು ಬಿಡದ ಮಗು ಯಾರ ಮನೆಯಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅದು ಮೂಲೆಯ ಬೆಂಚಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿತ್ತು.

ಮಿಸ್ಸು ಚಪ್ಪಾಳೆ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. "ಈ ಸಲದ ಮೊದಲ ಬಹುಮಾನ," ಎಂದು ಮೂಲೆಯ ಬೆಂಚಿನಿಂದ ಕೆಂಪು ಚಕ್ರವನ್ನು ಎತ್ತಿ ಹಿಡಿದರು. "ಇದು ತಿರುಗಲ್ಲ. ನಿಂತುಹೋಗುತ್ತೆ. ಆದ್ರೂ ಯಾಕೆ ಇದಕ್ಕೆ ಕೊಡ್ತಿದ್ದೀವಿ ಗೊತ್ತಾ? ಇಲ್ನೋಡಿ, ಒಂದು ತೊಟ್ಟಿಲು ಸೊಟ್ಟ. ಇಲ್ಲಿ ಅಂಚು ಎದ್ದಿದೆ. ಇಲ್ಲಿ ಬಣ್ಣದ ಬೆರಳು. ಇದು ಮಗು ತಾನೇ ಮಾಡಿದ್ದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಚೋಟು, ಬಾಮ್ಮ. ಹೋದ ವರ್ಷ ನಿನ್ನ ನಂಬ್ಲಿಲ್ಲ ನಾನು. ಈ ವರ್ಷ ನಂಬ್ತೀನಿ."

ಜನ ಚಪ್ಪಾಳೆ ತಟ್ಟಿದರು. ಕತ್ತರಿಯಕ್ಕನ ಲೆಕ್ಕ ಸರಿಹೋಗಿತ್ತು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಗಳು ಬಯಸಿದ್ದ ಮಾತು ಮಿಸ್ಸಿನ ಬಾಯಿಂದಲೇ ಬಂದಿತ್ತು. ಅವಳು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಚೋಟು ಮುಂದೆ ಬಂದಳು. ಬಹುಮಾನಕ್ಕೆ ಕೈ ಚಾಚಲಿಲ್ಲ.

"ಮಿಸ್, ಆ ಸೊಟ್ಟ ನಂದಲ್ಲ," ಅಂದಳು. "ನಾನು ಮಾಡಿದ್ದು ತಿರುಗ್ತಿತ್ತು. ಆ ಬೆರಳೂ ನಂದಲ್ಲ. ನೋಡಿ." ತನ್ನ ಹೆಬ್ಬೆರಳನ್ನು ನೀಲಿ ಗುರುತಿನ ಪಕ್ಕಕ್ಕೆ ಒತ್ತಿ ಹಿಡಿದಳು. "ಅದ್ರ ನಡುವೆ ಓರೆಗೆರೆ ಇದೆ. ನನ್ನ ಬೆರಳಲ್ಲಿ ಇಲ್ಲ."

"ಮತ್ತೆ ಯಾರ್ದಮ್ಮ ಇದು?"

ಚೋಟು ಅಮ್ಮನನ್ನು ನೋಡಿದಳು, ಅಷ್ಟೇ. ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಇಷ್ಟು ಸಿಟ್ಟಿನಲ್ಲೂ ಅಮ್ಮನ ಅಂಗಡಿಯನ್ನು ಅವಳು ಕಾಯುತ್ತಿದ್ದಾಳೆಂದು ಕತ್ತರಿಯಕ್ಕನಿಗೆ ಅರ್ಥವಾಯಿತು. ಹಾಲಿನಲ್ಲಿ ಗುಸುಗುಸು ಎದ್ದಿತು. ಮೂಲೆಮನೆ ಮೇಡಂ ಹಿಂದಿನಿಂದ, "ಅಮ್ಮನೇ ಮಾಡ್ಕೊಟ್ಟಿರ್ತಾಳೆ, ಇನ್ಯಾರು? ಅದೇ ಕಸುಬಲ್ವಾ ಅವ್ಳದ್ದು?" ಅಂದಳು.

ಸರಿ, ಅಲ್ಲಿಗೆ ಮುಗಿಯಿತು.

ಕತ್ತರಿಯಕ್ಕ ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ಮುಂದೆ ಹೋದಳು. ಗಂಡ ತಡೆಯಲಿಲ್ಲ.

"ನನ್ನದು ಆ ಬೆರಳು," ಅಂದಳು. ಕಿರುಬೆರಳನ್ನು ಮಿಸ್ಸಿನ ಮುಖದ ಮುಂದೆ ಎತ್ತಿ ಹಿಡಿದಳು. "ನೋಡಿ, ಸರಿಯಾಗಿ ನೋಡಿ. ನನ್ನ ಮಗಳು ಚೆಂದ ಮಾಡಿದ್ಲು, ನಾನು ಕೆಡಿಸ್ದೆ. ಯಾಕೆ ಗೊತ್ತಾ? ಚೆಂದ ಇದ್ರೆ ನೀವು ನಂಬಲ್ಲ, ಅದಕ್ಕೆ! ಕೇಳಿದ್ದಕ್ಕೆ ಅವ್ಳ ಹತ್ರ ಸುಳ್ಳೂ ಹೇಳ್ದೆ." ನಂತರ ಜನರ ಕಡೆ ತಿರುಗಿದಳು. "ಏನ್ ಅಂದ್ರಿ ಮೇಡಂ? ನನ್ನ ಕಸುಬಾ? ಹೌದು, ನನ್ನ ಕಸುಬೇ. ಬನ್ನಿ ತೋರಿಸ್ತೀನಿ."

ಬೆಂಚಿನ ಸಾಲಿನಲ್ಲಿ ನಡೆಯುತ್ತ ಹೋದಳು. ಹಡಗಿನ ಪೀಠ ತಿರುಗಿಸಿದಳು. "ಇಲ್ಲಿದೆ ನನ್ನ ಬೆರಳು." ರೈಲು. "ಇಲ್ಲಿದೆ." ಬೆಟ್ಟ, ಒಂಟೆ, ವಿಮಾನ. "ಇಲ್ಲಿ. ಇಲ್ಲಿ. ಇದ್ರಲ್ಲೂ ಇದೆ. ಗೆರೆ ಕಾಣ್ಸುತ್ತಾ? ನೀವೆಲ್ಲ ಹೋಗಿ ಬಂದ ಸಮುದ್ರ ನಾನು ಇಲ್ಲೇ ಪರದೆ ಹಿಂದೆ ಕೂತು ಮಾಡಿದ್ದು. ಅಲೆ ಯಾವ ಬಣ್ಣ ಅಂತ ನಿಮಗೇ ಗೊತ್ತಿರ್ಲಿಲ್ಲ. ಈ ಹಾಲಲ್ಲಿ ನಾನು ಮಾಡದೇ ಇರೋದು ಅಂತ ಇದ್ರೆ ಅದೊಂದು ಚಕ್ರ. ಅದನ್ನೂ ಬಿಡ್ಲಿಲ್ಲ ನನ್ನ ಹಾಳು ಕೈ!"

ಮೂಲೆಮನೆ ಮೇಡಂ ಹಡಗಿನ ಮುಂದಿನ ಚೀಟಿಯನ್ನು ಮೆಲ್ಲಗೆ ಮುಷ್ಟಿಯೊಳಗೆ ಮುಚ್ಚಿಕೊಂಡಳು. ಮಿಸ್ಸಿನ ಮುಖ ಬಿಳಿಚಿತ್ತು. ಇನ್ನು ತನ್ನ ಪರದೆಯ ಹಿಂದೆ ಯಾರೂ ಬರುವುದಿಲ್ಲವೆಂದು ಕತ್ತರಿಯಕ್ಕನಿಗೆ ಗೊತ್ತಿತ್ತು. ಮುಂದಿನ ಬೇಸಿಗೆಗೆ ಏನು ಮಾಡುವುದೆಂದು ಗೊತ್ತಿರಲಿಲ್ಲ. ಅದನ್ನು ಯೋಚಿಸಲೂ ಅವಳಿಗೆ ಆಗ ಪುರಸೊತ್ತಿರಲಿಲ್ಲ, ಏಕೆಂದರೆ ಚೋಟು ಮಿಸ್ಸಿನ ಕೈಯಿಂದ ಚಕ್ರವನ್ನು ಕಿತ್ತುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಳು.

ಸೊಟ್ಟ ತೊಟ್ಟಿಲನ್ನು ಎರಡು ಬೆರಳಲ್ಲಿ ಹಿಡಿದು ನೆಟ್ಟಗೆ ಮಾಡಲು ನೋಡಿದಳು. ರಟ್ಟು ಮಡಿಕೆ ಬಿದ್ದಿತ್ತು, ನೆಟ್ಟಗಾಗಲಿಲ್ಲ. ಗುಂಡುಸೂಜಿ ಬಿಚ್ಚಿದಳು, ಮತ್ತೆ ಚುಚ್ಚಿದಳು, ಜಾರಿತು. ಕತ್ತರಿಯಕ್ಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಸೂಜಿಯನ್ನು ಒಂದೆಳೆಯಷ್ಟು ಮೇಲಕ್ಕೆ ಹಿಡಿದರೆ ಸಾಕಿತ್ತು. ತನಗರಿವಿಲ್ಲದೆ ಕೈ ಚಾಚಿದಳು.

ಚೋಟು ಆ ಕೈಯ ಮೇಲೆ ಫಟ್ಟನೆ ಹೊಡೆದಳು. "ಮುಟ್ಟಬೇಡ ಅಂದ್ನಲ್ಲ!"

ಅಷ್ಟು ದಿನಗಳ ಮೇಲೆ ಮಗಳು ಅವಳೊಂದಿಗೆ ಆಡಿದ ಮೊದಲ ಮಾತು ಅದು. ಊರೆಲ್ಲ ನೋಡುತ್ತಿತ್ತು. ಕತ್ತರಿಯಕ್ಕ ಬೈಯಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಗಳು ಚಕ್ರ ತಿರುಗಿಸುವವರೆಗೂ ಹಾಗೇ ಕೂತಿದ್ದಳು.